ಡಾಕ್ಟರರ ಪರೀಕ್ಷೆಯಲ್ಲಿ ಕೇಳದ ಪ್ರಶ್ನೆ

ನಮ್ಮ ಊರಿನ ಅರಳೆ ಗಿರಣಿಯಲ್ಲಿ ಹತ್ತಿ ಆರಿಸುವ ಕೆಲಸ ಮಾಡುತ್ತಿದ್ದ ಅಕ್ಕನೊಬ್ಬರಿಗೆ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಉಸಿರು ಕಟ್ಟಿದಂತಾಯಿತು. ಬೆನ್ನಿನಲ್ಲಿ ಸೆಳೆತ, ದವಡೆಯಲ್ಲಿ ನೋವು, ಎರಡು ಸಲ ವಾಂತಿ. ಗಂಡ ಆಟೋ ಕರೆತಂದ. ನೆರೆಯವರೆಂದು ನಾವೂ ಜೊತೆಗೆ ಹೋದೆವು. ದವಾಖಾನೆಯ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ತಪ್ಪು ಅದೊಂದೇ ದವಾಖಾನೆಯದು ಎಂದಾಗಿಬಿಡುತ್ತದೆ.

ರಾತ್ರಿ ಪಾಳಿಯಲ್ಲಿದ್ದವರು ಎಳೆಯ ವಯಸ್ಸಿನ ಡಾಕ್ಟರು. ಮಂಚದ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ ಅಕ್ಕನನ್ನು ಬಿಟ್ಟು ಗಂಡನನ್ನು ಕೇಳಿದರು: “ಏನಾಗಿದೆ ಇವರಿಗೆ?” ಗಂಡ, “ಗ್ಯಾಸು ಇರಬೇಕು ಸಾರ್, ಮಧ್ಯಾಹ್ನ ಊಟ ಬಿಟ್ಟಿದ್ದಳು” ಎಂದ. ಸುಳ್ಳು ಹೇಳಬಾರದು, ನಾವೂ ತಲೆಯಾಡಿಸಿದೆವು. ಒಂದು ಇಂಜೆಕ್ಷನ್ ಆಯಿತು, ನಾಲ್ಕು ಮಾತ್ರೆ ಆಯಿತು. “ಈ ವಯಸ್ಸಿನಲ್ಲಿ ಹೆಂಗಸರಿಗೆ ಇಂಥದ್ದೆಲ್ಲ ಇರುತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಅಮ್ಮಾ” ಎಂದು ಸಮಾಧಾನ ಹೇಳಿ ಕಳಿಸಿದರು. ಬೆಳಗಾಗುವುದರೊಳಗೆ ಆಕೆ ಪ್ರಜ್ಞೆ ತಪ್ಪಿದರು. ಇನ್ನೊಂದು ಕಡೆ ಹೋಗಿ ಇ.ಸಿ.ಜಿ. ತೆಗೆಸಿದಾಗ ಹೃದಯಾಘಾತ ಎಂದು ತಿಳಿಯಿತು. ಜೀವ ಉಳಿಯಿತು, ಅಷ್ಟೇ. ಗಿರಣಿಯ ಮೆಟ್ಟಿಲು ಹತ್ತುವ ಶಕ್ತಿ ಮತ್ತೆ ಬರಲಿಲ್ಲ.

ಅದೇ ತಿಂಗಳು ಅದೇ ದವಾಖಾನೆಗೆ ನಮ್ಮ ಸಂಘದ ಗಂಡಾಳೊಬ್ಬನನ್ನು ಎದೆನೋವೆಂದು ಕರೆದೊಯ್ದಿದ್ದೆವು. ಹತ್ತು ನಿಮಿಷದಲ್ಲಿ ಇ.ಸಿ.ಜಿ. ಆಯಿತು. ಅವನಿಗೆ ಇದ್ದದ್ದು ನಿಜವಾಗಿಯೂ ಗ್ಯಾಸು!

ಹದಿನೈದು ದಿನ ಕಳೆದ ಮೇಲೆ ಆ ಎಳೆಯ ಡಾಕ್ಟರನ್ನು ಕಾಣಲು ಹೋದೆವು. ಜಗಳಕ್ಕೆಂದೇ ಹೋಗಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಜಗಳವಾಡುವ ಮನುಷ್ಯರಾಗಿರಲಿಲ್ಲ. ಮೂವತ್ತಾರು ಗಂಟೆ ನಿದ್ದೆಯಿಲ್ಲದೆ ದುಡಿದು ಚಹಾ ಕುಡಿಯುತ್ತಾ ಕುಳಿತಿದ್ದರು. ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮ ಪುಸ್ತಕದ ಚಿತ್ರದಲ್ಲಿ ಎದೆ ಹಿಡಿದುಕೊಂಡಿರೋದು ಗಂಡಸು ಮೇಷ್ಟ್ರೇ. ಹೆಂಗಸರಿಗೆ ಬೇರೆ ಥರ ಬರಬಹುದು ಅಂತ ಒಂದು ಸಾಲು ಎಲ್ಲೋ ಇತ್ತು. ಪರೀಕ್ಷೆಗೆ ಯಾವತ್ತೂ ಕೇಳಲಿಲ್ಲ.”

ಆ ಕೊನೆಯ ಮಾತು ನಮಗೆ ಚೆನ್ನಾಗಿ ಅರ್ಥವಾಯಿತು. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಒಂಬತ್ತು ವರ್ಷ ಸೀಮೆಸುಣ್ಣ ಹಿಡಿದವರು. ಪರೀಕ್ಷೆಗೆ ಬರದ ಪಾಠವನ್ನು ಮೇಷ್ಟರೂ ಓಡಿಸುತ್ತಾರೆ, ಹುಡುಗರೂ ಮಡಚಿಡುತ್ತಾರೆ. ಹಳ್ಳಿಯ ಶಾಲೆಯಲ್ಲಿ ಹೇಗೋ, ವೈದ್ಯಕೀಯ ಕಾಲೇಜಿನಲ್ಲಿಯೂ ಹಾಗೆಯೇ. ವ್ಯತ್ಯಾಸ ಇಷ್ಟೇ: ನಮ್ಮ ಹುಡುಗ ಅಶೋಕನ ಶಾಸನಗಳನ್ನು ಮರೆತರೆ ಯಾರೂ ಸಾಯುವುದಿಲ್ಲ.

ಹೆಂಗಸರಿಗೂ ಹೃದಯಾಘಾತದಲ್ಲಿ ಎದೆನೋವು ಬರುವುದುಂಟು. ಆದರೆ ಅದರ ಜೊತೆಗೆ, ಕೆಲವು ಸಲ ಅದಿಲ್ಲದೆಯೇ, ಉಬ್ಬಸ, ವಾಕರಿಕೆ, ಬೆನ್ನು ಮತ್ತು ದವಡೆಯ ನೋವು, ತಡೆಯಲಾರದ ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಇದು ಇಂದು ವೈದ್ಯಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಇದು ದೇಹದ ಮಾತಾಯಿತು. ಆ ರಾತ್ರಿ ಡಾಕ್ಟರು ರೋಗಿಯನ್ನು ಬಿಟ್ಟು ಗಂಡನನ್ನು ಕೇಳಿದ್ದು ದೇಹದ ಮಾತಲ್ಲ, ಸಮಾಜದ ಮಾತು. “ಮನಸ್ಸಿಗೆ ಹಚ್ಚಿಕೊಳ್ಳಬಾರದು” ಎಂದದ್ದೂ ಸಮಾಜದ ಮಾತೇ. ಹೆಣ್ಣು-ಗಂಡಿನ ನಡುವೆ ದೇಹದ ಭೇದ ಎಷ್ಟು, ಸಮಾಜ ಕಟ್ಟಿದ ಭೇದ ಎಷ್ಟು, ಇವೆರಡೂ ಸೇರಿ ರೋಗವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಡಾಕ್ಟರಾಗುವವನಿಗೆ ಕಲಿಸಬೇಕು ಎಂಬುದೇ ವಿಷಯ. ಪಂಡಿತರು ಇದನ್ನು ಲಿಂಗ ದೃಷ್ಟಿ ಎನ್ನುತ್ತಾರೆ. ಹೆಸರು ದೊಡ್ಡದು. ಕೆಲಸ ಮಾತ್ರ ರೋಗಿಯ ಮುಖ ನೋಡಿ ಸರಿಯಾದ ಪ್ರಶ್ನೆ ಕೇಳುವುದು.

ಇದು ನಮ್ಮ ದೇಶದ ಹಿಂದುಳಿದಿರುವಿಕೆ ಮಾತ್ರ ಎಂದು ಯಾರೂ ತಿಳಿಯಬಾರದು. ಜೋಲ್ಪಿಡೆಮ್ ಎಂಬ ನಿದ್ದೆಯ ಔಷಧಿಗೆ ಅಮೆರಿಕದಲ್ಲಿ 1992ರಲ್ಲಿ ಒಪ್ಪಿಗೆ ಸಿಕ್ಕಿತು. ಗಂಡಸರಿಗೂ ಹೆಂಗಸರಿಗೂ ಹತ್ತು ಮಿಲಿಗ್ರಾಂ. ಹೆಂಗಸರ ದೇಹದಿಂದ ಆ ಔಷಧಿ ನಿಧಾನವಾಗಿ ಇಳಿಯುತ್ತದೆ, ಬೆಳಗ್ಗೆ ಮೋಟಾರು ಓಡಿಸುವಾಗ ಮಂಕು ಕವಿಯಬಹುದು ಎಂದು ಹೇಳಿ, ಹೆಂಗಸರಿಗೆ ಐದೇ ಸಾಕು ಎಂದು ಅಲ್ಲಿಯ ಸರಕಾರಿ ಸಂಸ್ಥೆ ಆಜ್ಞೆ ಮಾಡಿದ್ದು 2013ರಲ್ಲಿ. ಇಪ್ಪತ್ತು ವರ್ಷ! ಅಳತೆಗೆ ಗಂಡಸಿನ ದೇಹವನ್ನೇ ಹಿಡಿದರೆ ಹೆಂಗಸಿನ ಅಂಗಿ ಹೀಗೇ ಹೊಲಿಯಲ್ಪಡುತ್ತದೆ.

ಇನ್ನು ಇದಕ್ಕಿಂತ ಕಹಿಯಾದ ಪಾಠ ಒಂದಿದೆ. ಮನೆಯಲ್ಲಿ ಹೆಣ್ಣುಮಕ್ಕಳಿರುವ ಪ್ರತಿಯೊಬ್ಬ ಓದುಗರೂ ಅದನ್ನು ತಿಳಿದಿರಬೇಕು.

ಅತ್ಯಾಚಾರಕ್ಕೆ ಗುರಿಯಾದ ಹೆಣ್ಣನ್ನು ದವಾಖಾನೆಗೆ ತಂದಾಗ ಡಾಕ್ಟರು ಎರಡು ಬೆರಳುಗಳಿಂದ ಆಕೆಯ ಗುಪ್ತಾಂಗವನ್ನು ಪರೀಕ್ಷಿಸಿ, ‘ಈಕೆಗೆ ಮೊದಲೇ ಸಂಭೋಗದ ಅಭ್ಯಾಸವಿತ್ತು’ ಎಂದು ಕಾಗದದ ಮೇಲೆ ಬರೆಯುವ ಪದ್ಧತಿ ಎಷ್ಟೋ ದಶಕಗಳಿಂದ ನಡೆದುಬಂತು. ಇದರಿಂದ ಅತ್ಯಾಚಾರ ಆಯಿತೋ ಇಲ್ಲವೋ ಎಂಬುದು ತಿಳಿಯುವುದೇ ಇಲ್ಲ. ವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲ. ಆದರೆ ಆ ಒಂದು ಸಾಲನ್ನು ಹಿಡಿದು ಆರೋಪಿಯ ವಕೀಲರು ಹೆಣ್ಣಿನ ಮಾನ ಕಳೆಯುತ್ತಿದ್ದರು. ಸುಪ್ರೀಂ ಕೋರ್ಟು 2013ರಲ್ಲಿ ಇದು ಹೆಣ್ಣಿನ ಘನತೆಗೆ, ಖಾಸಗಿತನಕ್ಕೆ ವಿರುದ್ಧ ಎಂದಿತು. 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಹೀಗೆ ಮಾಡಬೇಡಿ ಎಂದು ಮಾರ್ಗಸೂಚಿ ಹೊರಡಿಸಿತು. ನಿಂತಿತೇ? ಇಲ್ಲ. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು. ಈ ಪರೀಕ್ಷೆ ಮಾಡಿದವರು ದುರ್ನಡತೆಯ ದೋಷಿಗಳಾಗುತ್ತಾರೆ ಎಂದೂ ಹೇಳಿತು. ಅದರ ಜೊತೆಗೆ, ನಮ್ಮ ಇಂದಿನ ಮಾತಿಗೆ ಮುಖ್ಯವಾದ ಇನ್ನೊಂದು ಆಜ್ಞೆಯನ್ನೂ ಮಾಡಿತು: ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮವನ್ನು ತಪಾಸಣೆ ಮಾಡಿ, ಈ ಪರೀಕ್ಷೆಯನ್ನು ಕಲಿಸದಂತೆ ನೋಡಿಕೊಳ್ಳಿ. ನ್ಯಾಯಾಧೀಶರಿಗೆ ರೋಗದ ಬೇರು ಸಿಕ್ಕಿತ್ತು. ಕಾಲೇಜಿನಲ್ಲಿ ಕಲಿತದ್ದನ್ನೇ ಡಾಕ್ಟರು ದವಾಖಾನೆಯಲ್ಲಿ ಮಾಡುತ್ತಾನೆ. ಸುತ್ತೋಲೆಯನ್ನು ಗುಮಾಸ್ತ ಕಡತದಲ್ಲಿ ಕಟ್ಟಿಡುತ್ತಾನೆ.

ಆಮೇಲೆ ನಡೆದದ್ದನ್ನು ಕೇಳಿ. 2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ರಾತ್ರಿ ಪಾಳಿಯಲ್ಲಿದ್ದ ತರಬೇತಿಯ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದರು. ದೇಶದ ಡಾಕ್ಟರುಗಳೆಲ್ಲ ಬೀದಿಗಿಳಿದರು. ಆ ತಿಂಗಳು ಮುಗಿಯುವ ದಿನ, ಅಂದರೆ ಆಗಸ್ಟ್ 31ರಂದು, ರಾಷ್ಟ್ರೀಯ ವೈದ್ಯಕೀಯ ಆಯೋಗವು ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಹೊಸ ಪಠ್ಯಕ್ರಮ ಹೊರಡಿಸಿತು. ನ್ಯಾಯವೈದ್ಯಶಾಸ್ತ್ರದ ಭಾಗದಲ್ಲಿ ಕನ್ಯತ್ವದ ಲಕ್ಷಣಗಳು, ಕನ್ಯಾಪೊರೆಯ ಬಗೆಗಳು ಮತ್ತೆ ಪಾಠವಾಗಿ ಬಂದು ಕುಳಿತಿದ್ದವು. ಹೆಣ್ಣು ಹೆಣ್ಣನ್ನು ಪ್ರೀತಿಸುವುದು ‘ಅಸ್ವಾಭಾವಿಕ ಅಪರಾಧ’ಗಳ ಪಟ್ಟಿಯಲ್ಲಿತ್ತು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿಯೇ ತೀರ್ಪು ಕೊಟ್ಟಿತ್ತು. ಮದರಾಸು ಹೈಕೋರ್ಟು ಚುಚ್ಚಿದ ಮೇಲೆ 2022ರಲ್ಲಿ ಇದೇ ಆಯೋಗ ಇವೇ ಪಾಠಗಳನ್ನು ತಿದ್ದಿಯೂ ಇತ್ತು. ತಿದ್ದಿದ್ದನ್ನು ಮತ್ತೆ ಕೆಡಿಸಿದ ಕೈ ಯಾರದು? ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಪ್ರಜ್ಞಾವಂತ ವೈದ್ಯರು ಕೂಗೆಬ್ಬಿಸಿದ್ದರಿಂದ ಸೆಪ್ಟೆಂಬರ್ 5ರಂದು ಆಯೋಗ ಆ ಪಠ್ಯವನ್ನು ಹಿಂತೆಗೆದುಕೊಂಡಿತು. ಒಂದು ವಾರದೊಳಗೆ ತಿದ್ದಿದ ಪ್ರತಿ ಹೊರಬಂತು. ಕೂಗುವವರು ಇಲ್ಲದಿದ್ದರೆ? ಆ ವರ್ಷದ ಹುಡುಗರೆಲ್ಲ ಅದನ್ನೇ ಬಾಯಿಪಾಠ ಮಾಡಿ, ಬರೆದು, ಅಂಕ ಪಡೆದು, ನಾಳೆ ನಮ್ಮ ತಾಲೂಕಿನ ದವಾಖಾನೆಗೆ ಬರುತ್ತಿದ್ದರು.

ಒಂದು ಪುಟ ಬರೆಯುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬುದು ಶಾಲೆಯಲ್ಲಿದ್ದಾಗ ನಮಗೂ ಹೊಳೆದಿರಲಿಲ್ಲ.

ಇನ್ನು ಹಣದ ಮಾತು. ಅಂಗಡಿ ಇಟ್ಟುಕೊಂಡ ಬಂಧುಗಳು ಇದನ್ನು ಗಮನವಿಟ್ಟು ಓದಬೇಕು. ಪರಿಚಯದ ಕಿರಾಣಿ ವ್ಯಾಪಾರಿಯೊಬ್ಬರು ಹೆಂಡತಿಯ ಹೊಟ್ಟೆನೋವಿಗೆಂದು ದವಾಖಾನೆಗೆ ಹೋದರು. “ಮಕ್ಕಳಾಗಿವೆಯಲ್ಲ, ಇನ್ನು ಅದರಿಂದೇನು ಉಪಯೋಗ? ಬಿಟ್ಟರೆ ಕ್ಯಾನ್ಸರ್ ಆದೀತು” ಎಂದರಂತೆ. ಬಂಗಾರ ಅಡವಿಟ್ಟು ಗರ್ಭಕೋಶ ತೆಗೆಸಿದರು. ಆಕೆಗೆ ಆಗ ಮೂವತ್ತನಾಲ್ಕು. ಹೊಟ್ಟೆನೋವು ಹಾಗೆಯೇ ಉಳಿಯಿತು. ಮೂಳೆನೋವು, ಮೈ ಕಾವು, ನಿದ್ದೆಗೇಡು ಹೊಸದಾಗಿ ಸೇರಿಕೊಂಡವು. ಇದು ಒಬ್ಬರ ಕಥೆಯಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರಲ್ಲಿ ಎಷ್ಟೋ ಮಂದಿ ಎಳೆಯ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡಿದ್ದಾರೆಂದು 2019ರಲ್ಲಿ ಗದ್ದಲವೆದ್ದು, ಸರಕಾರ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಗುತ್ತಿಗೆದಾರ ದಂಡ ಹಾಕುತ್ತಾನೆ; ಆ ದಂಡದ ಹೆದರಿಕೆಯೂ ಶಸ್ತ್ರಚಿಕಿತ್ಸೆಗೆ ಒಂದು ಕಾರಣ. ನಮ್ಮ ಕಲಬುರಗಿಯ ತಾಂಡಾಗಳ ಹೆಂಗಸರು ಅದಕ್ಕೂ ಮೊದಲೇ ಇದೇ ದೂರು ಹೊತ್ತು ಬೀದಿಗೆ ಬಂದಿದ್ದರು. ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಎಲ್ಲ ರಾಜ್ಯಗಳೂ ಕೇಂದ್ರದ ಮಾರ್ಗಸೂಚಿಯನ್ನು ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ದುರಾಸೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹೆಣ್ಣಿನ ದೇಹ ಮಕ್ಕಳ ಕಾರ್ಖಾನೆ, ಉತ್ಪಾದನೆ ನಿಂತ ಮೇಲೆ ಯಂತ್ರ ಕಳಚಬಹುದು ಎಂಬ ಭಾವನೆ ಕಾಲೇಜಿನಲ್ಲಿಯೇ ಮುರಿದಿದ್ದರೆ ದುರಾಸೆಗೆ ಇಷ್ಟು ಸಲೀಸಾಗಿ ನೆಪ ಸಿಗುತ್ತಿರಲಿಲ್ಲ.

ಮಕ್ಕಳು ಸಾಕೆಂದಾಗಲೂ ಕತ್ತಿ ಹೆಣ್ಣಿನ ಕಡೆಗೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರು ಮಾಡಿಸಿಕೊಂಡದ್ದು ನೂರಕ್ಕೆ ಅರ್ಧವೂ ಇಲ್ಲ. ಗಂಡಸಿನ ಶಸ್ತ್ರಚಿಕಿತ್ಸೆ ಸುಲಭ, ಅಪಾಯ ಕಡಿಮೆ. “ಮೂಟೆ ಹೊರುವ ಶಕ್ತಿ ಹೋಗುತ್ತದೆ” ಎಂದು ನಮ್ಮ ಹಮಾಲಿ ಗೆಳೆಯರು ಹೆದರುತ್ತಾರೆ. ಅದು ಸುಳ್ಳೆಂದು ಕೂತು ತಿಳಿಹೇಳುವ ಡಾಕ್ಟರು ಎಲ್ಲಿದ್ದಾರೆ? ಛತ್ತೀಸಗಢದ ಬಿಲಾಸಪುರದ ಹತ್ತಿರ 2014ರ ನವೆಂಬರಿನಲ್ಲಿ ಒಂದೇ ಶಿಬಿರದಲ್ಲಿ, ಕೆಲವೇ ಗಂಟೆಗಳಲ್ಲಿ, 83 ಹೆಂಗಸರಿಗೆ ಸಂತಾನಹರಣ ಮಾಡಿದರು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಇಂಥ ಶಿಬಿರಗಳು ಮೂರು ವರ್ಷದೊಳಗೆ ನಿಲ್ಲಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು.

ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯಕ್ಕೆ ನಾಚಿಕೆಯಾಗುವ ಇನ್ನೊಂದು ಅಂಕಿ ಇದೆ. ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡವರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ 21ರ ಹತ್ತಿರ ಇತ್ತು. ಹೊಡೆಸಿಕೊಂಡ ಹೆಂಗಸು ಪೊಲೀಸ್ ಠಾಣೆಗೆ ಹೋಗುವುದಿಲ್ಲ, ತವರಿಗೂ ಹೇಳುವುದಿಲ್ಲ. ದವಾಖಾನೆಗೆ ಮಾತ್ರ ಬಂದೇ ಬರುತ್ತಾಳೆ; ಮುರಿದ ಮೂಳೆಯನ್ನು ಮನೆಯಲ್ಲಿ ಕಟ್ಟಿಕೊಳ್ಳಲಾಗುವುದಿಲ್ಲವಲ್ಲ. “ಬಚ್ಚಲಲ್ಲಿ ಜಾರಿಬಿದ್ದೆ” ಎನ್ನುತ್ತಾಳೆ. ಡಾಕ್ಟರು ಹಾಗೆಯೇ ಬರೆದುಕೊಳ್ಳುತ್ತಾರೆ. ಮೂರು ತಿಂಗಳಲ್ಲಿ ಎರಡು ಸಲ ಜಾರಿಬಿದ್ದವಳನ್ನು, ಗಂಡನನ್ನು ಹೊರಗೆ ಕೂರಿಸಿ, “ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೇನಮ್ಮಾ?” ಎಂದು ಕೇಳುವುದಕ್ಕೆ ಯಂತ್ರ ಬೇಕಿಲ್ಲ. ಕೇಳಬೇಕು ಎಂದು ಯಾರಾದರೂ ಕಲಿಸಿರಬೇಕು. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ನಗರಪಾಲಿಕೆಯೂ ಸೆಹತ್ ಎಂಬ ಸಂಸ್ಥೆಯೂ ಸೇರಿ 2000ದಲ್ಲಿ ‘ದಿಲಾಸಾ’ ಎಂಬ ಕೇಂದ್ರವನ್ನು ಆಸ್ಪತ್ರೆಯೊಳಗೇ ತೆರೆದವು. ಡಾಕ್ಟರಿಗೂ ದಾದಿಗೂ ಈ ಪ್ರಶ್ನೆ ಕೇಳುವುದನ್ನು ಕಲಿಸಿದವು. ಮುಂದೆ ಅದು ಮುಂಬಯಿಯ ಇನ್ನೂ ಹಲವು ಆಸ್ಪತ್ರೆಗಳಿಗೆ ಹಬ್ಬಿತು.

ಕೇಳಿದರೂ ಅರ್ಥವಾಗಬೇಕಲ್ಲ! ನಮ್ಮ ಹೆಂಗಸರು “ಬಿಳಿ ಹೋಗುತ್ತೆ, ಕೈಕಾಲು ಸೇದುತ್ತೆ, ಸೊಂಟ ಬಿದ್ದುಹೋಗುತ್ತೆ” ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕಲಿತ ಡಾಕ್ಟರು ಅದನ್ನು ಸೋಂಕು ಎಂದು ಅನುವಾದ ಮಾಡಿ ಮಾತ್ರೆ ಬರೆಯುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಗೋವಾದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಬಿಳಿಸೆರಗಿನ ದೂರಿಗೆ ಸೋಂಕಿಗಿಂತ ಮನಸ್ಸಿನ ಸಂಕಟವೇ ಹತ್ತಿರದ ನಂಟೆಂದು ಕಂಡುಬಂತು. ‘ಬಿಳಿ ಹೋಗುತ್ತೆ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ‘ನನ್ನ ಕೈಲಾಗುವುದಿಲ್ಲ’ ಎಂಬ ಮಾತು. ಹಾಗೆಂದು ಎಲ್ಲವೂ ಮನಸ್ಸಿನದೇ ಎಂದು ತಳ್ಳಿಹಾಕಿದರೆ ನಮ್ಮ ಗಿರಣಿಯ ಅಕ್ಕನಿಗೆ ಆದ ಗತಿಯೇ ಆಗುತ್ತದೆ. ಎರಡನ್ನೂ ಬಿಡಿಸಿ ನೋಡುವ ಕಣ್ಣು ಬೇಕು. ಅದು ತಾನಾಗಿ ಬರುವುದಿಲ್ಲ.

ಕೆಲವರು ಹೇಳುತ್ತಾರೆ: ಈಗ ಹೆಣ್ಣುಮಕ್ಕಳೇ ಎಷ್ಟೊಂದು ಮಂದಿ ಡಾಕ್ಟರಾಗುತ್ತಿದ್ದಾರೆ, ಎಲ್ಲ ಸರಿಹೋಗುತ್ತದೆ. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಅವರು ಓದುವುದೂ ಅದೇ ಪುಸ್ತಕ, ಬರೆಯುವುದೂ ಅದೇ ಪರೀಕ್ಷೆ. ಹೆರಿಗೆಯ ಕೋಣೆಯಲ್ಲಿ ನೋವಿನಿಂದ ಕೂಗಿದವಳಿಗೆ “ಆಗ ಸುಖವಿತ್ತಲ್ಲ, ಈಗ ಯಾಕೆ ಕೂಗುತ್ತೀ?” ಎಂದು ಗದರಿದ ಬಾಯಿ ಹೆಂಗಸಿನದೇ ಎಂದು ನಮ್ಮ ತಾಯಂದಿರು, ಅಕ್ಕತಂಗಿಯರು ಹೇಳುತ್ತಾರೆ. ಆಕೆಗೂ ಹಾಗೆ ಗದರುವುದನ್ನು ಕಲಿಸಿದವರಿದ್ದಾರೆ. ಇನ್ನೊಂದು ಮಾತು, ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ಡಾಕ್ಟರಿಗೆ ಇದಕ್ಕೆಲ್ಲ ಪುರಸೊತ್ತೆಲ್ಲಿ ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ಡಾಕ್ಟರುಗಳ ಸಂಖ್ಯೆ ಹೆಚ್ಚಬೇಕೆಂದು ನಾವೂ ಕೂಗುತ್ತಲೇ ಬಂದಿದ್ದೇವೆ. ಆದರೆ ಆ ರಾತ್ರಿ ಅಕ್ಕನಿಗೆ ಇ.ಸಿ.ಜಿ. ತೆಗೆಯಲು ಬೇಕಾಗಿದ್ದದ್ದು ಹತ್ತೇ ನಿಮಿಷ. ಗಂಡಾಳಿಗೆ ಆ ಹತ್ತು ನಿಮಿಷ ಸಿಕ್ಕಿತ್ತು. ಕೊನೆಯದಾಗಿ, ಹತ್ತನೆಯ ತರಗತಿ ಓದಿದ ನೀವು ಡಾಕ್ಟರರ ಪಾಠಕ್ಕೆ ಕೈ ಹಾಕುವುದೇ ಎಂದು ನಮ್ಮನ್ನೇ ಕೇಳಿದವರೂ ಇದ್ದಾರೆ. ಸರಕಾರಿ ವೈದ್ಯಕೀಯ ಕಾಲೇಜು ನಡೆಯುವುದು ನಾವು ಕೊಳ್ಳುವ ಸೋಪು, ಬೆಂಕಿಪೆಟ್ಟಿಗೆಗಳ ಮೇಲಿನ ತೆರಿಗೆಯಿಂದ. ಹಣ ಕೊಟ್ಟವನು ಏನು ಕಲಿಸುತ್ತೀರಿ ಎಂದು ಕೇಳಬಾರದೇ?

ಇದು ಆಗದ ಹೋಗದ ಮಾತೂ ಅಲ್ಲ. ಮಗ್ಗುಲಲ್ಲೇ ಮಹಾರಾಷ್ಟ್ರದಲ್ಲಿ ಸೆಹತ್ ಸಂಸ್ಥೆ ಅಲ್ಲಿಯ ವೈದ್ಯಕೀಯ ಶಿಕ್ಷಣ ಇಲಾಖೆಯ ಜೊತೆಗೂಡಿ ಕಾಲೇಜುಗಳ ಅಧ್ಯಾಪಕರಿಗೆ ತರಬೇತಿ ಕೊಟ್ಟಿತು. ಆ ಅಧ್ಯಾಪಕರೇ ಕುಳಿತು ತಮ್ಮ ಪಾಠಗಳನ್ನು ತಿದ್ದಿದರು. ಸಾಮಾನ್ಯ ವೈದ್ಯ, ಸ್ತ್ರೀರೋಗ ಮತ್ತು ಪ್ರಸೂತಿ, ಮನೋವೈದ್ಯ, ಸಮುದಾಯ ವೈದ್ಯ, ನ್ಯಾಯವೈದ್ಯ ಎಂಬ ಐದು ವಿಷಯಗಳಲ್ಲಿ ತಿದ್ದಿದ ಪಾಠಗಳನ್ನು ನಾಸಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ 2018ರಲ್ಲಿ ಒಪ್ಪಿಕೊಂಡಿತು. ಇದರಲ್ಲಿ ನಮಗೆ ಹಿಡಿಸಿದ್ದು ಏನೆಂದರೆ, ಮಹಿಳಾ ದಿನದಂದು ಒಂದು ಭಾಷಣ, ಒಂದು ಹಾರ, ಒಂದು ಫೋಟೋ ಎಂಬಂಥ ಬೇರೆ ಪಾಠ ಮಾಡಲಿಲ್ಲ. ಇರುವ ಪಾಠದೊಳಗೇ ಸೇರಿಸಿದರು. ರಕ್ತಹೀನತೆಯ ಪಾಠ ನಡೆದಾಗಲೇ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂಬ ಪ್ರಶ್ನೆ ಬರಬೇಕು. ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಗಂಡಸರಲ್ಲಿ 25 ಮಂದಿಗೆ ರಕ್ತ ಕಡಿಮೆ ಎಂದ ಮೇಲೆ ಕಬ್ಬಿಣದ ಮಾತ್ರೆಯ ಲೆಕ್ಕ ಮಾತ್ರ ಕಲಿಸಿದರೆ ಅದು ಅರ್ಧ ಪಾಠ.

ನಮ್ಮ ರಾಜ್ಯದಲ್ಲಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಪರೀಕ್ಷೆ ನಡೆಸುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಆದುದರಿಂದ ಹೋದ ಸೋಮವಾರ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಲಗತ್ತಿಸಿ, ಮಾಹಿತಿ ಹಕ್ಕಿನ ಕೆಳಗೆ ಅಲ್ಲಿಗೆ ಒಂದು ಅರ್ಜಿ ಹೋಗಿದೆ. ಕೇಳಿರುವುದು ಒಂದೇ ಸಂಗತಿ: ಕಳೆದ ಐದು ವರ್ಷಗಳಲ್ಲಿ ಮೇಲೆ ಹೇಳಿದ ಐದು ವಿಷಯಗಳ ಪ್ರಶ್ನೆಪತ್ರಿಕೆಗಳಲ್ಲಿ ಹೆಣ್ಣು-ಗಂಡಿನ ಭೇದದಿಂದ ರೋಗದಲ್ಲಿ, ಚಿಕಿತ್ಸೆಯಲ್ಲಿ ಆಗುವ ವ್ಯತ್ಯಾಸವನ್ನು ಕುರಿತು ಎಷ್ಟು ಪ್ರಶ್ನೆಗಳು ಬಂದಿವೆ, ಅವುಗಳಿಗೆ ಎಷ್ಟು ಅಂಕ? ಅರ್ಜಿ ನೂರೈವತ್ತು ಪದ ಮೀರಬಾರದು ಎಂಬುದು ನಿಯಮ. ಈ ಲೇಖನಕ್ಕೆ ಅಂಥ ನಿಯಮ ಇಲ್ಲದ್ದು ಓದುಗರ ದುರದೃಷ್ಟ.

ಅರ್ಜಿದಾರರ ಜಾಗದಲ್ಲಿ ನಮ್ಮ ಗಿರಣಿಯ ಅಕ್ಕ ರುಜು ಹಾಕಿದ್ದಾರೆ. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ. ಬಂದ ವಾರ ಇದೇ ಪುಟದಲ್ಲಿ ಅಚ್ಚು ಮಾಡುತ್ತೇವೆ.